ಬಾಗಿಲ ಹಿಂದಿನ ಪೋಸ್ಟರ್

“ಇಷ್ಟು ದಿನ ಏನ್ಮಾಡ್ತಿದ್ರಿ? ಪೋಸ್ಟರ್ ಹಾಕಿದೀವಲ್ಲ, ಓದೋಕೆ ಬರಲ್ವಾ?” ಎಂದಳು ಹೆರಿಗೆ ಆಸ್ಪತ್ರೆಯ ನರ್ಸ್.

ನನಗೆ ಮೈಯೆಲ್ಲ ಉರಿದುಹೋಯಿತು. ತುಂಬು ಬಸುರಿಯಾದ ನನ್ನ ತಂಗಿ ಬೆಳಗ್ಗೆ ಫಿಟ್ಸ್ ಬಂದು ಬಿದ್ದವಳು, ಒಳಗೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ವಾರದಿಂದ ತಲೆನೋವು, ಮುಖ ಊದಿತ್ತು. “ಬಸುರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ” ಎಂದು ಅವಳ ಅತ್ತೆ ಸುಮ್ಮನಿರಿಸಿದ್ದರು. ಓದೋಕೆ ಬರಲ್ವಂತೆ! ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವವಳು ಅವಳು. ಪ್ರತಿ ತಪಾಸಣೆಗೂ ಇದೇ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಕಾದಿದ್ದಳು.

“ಎಲ್ಲಿದೆ ನಿಮ್ಮ ಪೋಸ್ಟರು?”

“ಬಾಗಿಲ ಮೇಲೆ.”

ಕಾಯುವ ಕೋಣೆಯ ಬಾಗಿಲು ಒಳಕ್ಕೆ ತೆರೆದು ಗೋಡೆಗೆ ಒರಗಿತ್ತು. ಅಲುಗದಿರಲೆಂದು ಕಸದ ಡಬ್ಬಿ ಒತ್ತಿಟ್ಟಿದ್ದರು. ಡಬ್ಬಿಯನ್ನು ಒದ್ದು ಬಾಗಿಲು ಎಳೆದೆ. ಅದರ ಒಳಮೈಯಲ್ಲಿತ್ತು ಪೋಸ್ಟರ್, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಬಿಡದ ತಲೆನೋವು, ಮುಖದ ಊತ, ಕಣ್ಣು ಮಂಜಾಗುವುದು: ತಕ್ಷಣ ಆಸ್ಪತ್ರೆಗೆ ಬನ್ನಿ.

“ಆಸ್ಪತ್ರೆ ತೆರೆಯೋ ಮುಂಚೆ ಅಂಟಿಸಿದ್ವಿ. ಆಗ ಬಾಗಿಲು ಹಾಕಿತ್ತು,” ಎಂದು ನರ್ಸ್ ತೊದಲಿದಳು.

“ಆಮೇಲೆ ದಿನವಿಡೀ ಯಾರಿಗೆ ತೋರಿಸ್ತಿದ್ರಿ? ಗೋಡೆ ಬಸುರಾಗಿದ್ಯಾ?”

“ಕೂಗಾಡ್ಬೇಡಿ. ಬಾಗಿಲು ತೆಗೀರಿ, ಗಾಳಿ ಬೇಡ್ವಾ?”

ನಾನು ಚಿಲಕ ಹಾಕಿ ಪಕ್ಕದಲ್ಲೇ ನಿಂತುಬಿಟ್ಟೆ. ಬೆಂಚಿನ ಮೇಲಿದ್ದ ಬಸುರಿಯರೆಲ್ಲ ಓದತೊಡಗಿದರು. ತುದಿಯಲ್ಲಿ ಕೂತಿದ್ದವಳು ಓದಿ ಮುಗಿಸಿ, ತನ್ನ ಮುಖವನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು.

“ಅಕ್ಕಾ, ನನಗೂ ಹೀಗೇ ಇದೆ. ನಿನ್ನೆಯಿಂದ ಕಣ್ಣೂ ಮಂಜು.”