ಕೊನೆಯ ಸಾಲಿಗೂ ಕಾಣುವ ಮುಖ

ನಾಟಕದವರೆಲ್ಲ ‘ಮೇಕಪ್ ಅಣ್ಣ’ ಎಂದು ಕರೆಯುವ ಆಸಾಮಿಯ ಹೊಟ್ಟೆಯಲ್ಲಿ ಹುಟ್ಟಿದ ಕ್ಯಾನ್ಸರ್ ಈಗ ಶ್ವಾಸಕೋಶದಲ್ಲೂ ಸಂಸಾರ ಹೂಡಿತ್ತು. ಮೊದಲ ಆಸ್ಪತ್ರೆಯ ದೊಡ್ಡ ಡಾಕ್ಟರು ಮುಖ ನೋಡಿಯೇ ಕೈಚೆಲ್ಲಿದ್ದರು. ಇವತ್ತು ಎರಡನೆಯ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಆ ಡಾಕ್ಟರ ಮೂಗಿನ ದನಿಯನ್ನೇ ಅನುಕರಿಸಿ ಅಕ್ಕನಿಗೆ ಕೇಳಿಸುತ್ತ ಬಂದ: “ತುಂಬಾ ಬಿಳಿಚ್ಕೊಂಡಿದೀರಿ. ಮನೇಲಿ ಆರಾಮಾಗಿರಿ.”

“ಸುಮ್ನಿರೋ, ಜನ ನೋಡ್ತಿದಾರೆ.”

ಜನ ನೋಡುತ್ತಿದ್ದುದು ಮಿಮಿಕ್ರಿಯನ್ನಲ್ಲ, ಅವನ ಮುಖವನ್ನು. ಆ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗವಿದೆ, ಗಟ್ಟಿಮುಟ್ಟಾಗಿರುವವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿದ್ದೇ ತಡ, ಅವನು ಕನ್ನಡಿಯ ಮುಂದೆ ಕೂತು ಆರೋಗ್ಯ ಬಳಿದುಕೊಂಡಿದ್ದ. ಕೆನ್ನೆಗೆ ಕೆಂಪು, ತುಟಿಗೆ ರಂಗು, ಕೈಗಳಿಗೆ ಮೊಣಕೈ ದಾಟುವವರೆಗೆ ಗೋಧಿಬಣ್ಣ. ಜೀವಮಾನವೆಲ್ಲ ನಟರ ಮುಖ ತಿದ್ದಿದ ಕೈ. ಅಭ್ಯಾಸಬಲದಿಂದ ಕೊನೆಯ ಸಾಲಿಗೂ ಕಾಣುವ ಹಾಗೆ ಮೆತ್ತಿತ್ತು. ಆದರೆ ಆಸ್ಪತ್ರೆ ತಲುಪಿದಾಗ ಅವನನ್ನು ನೋಡಬೇಕಿದ್ದ ಡಾಕ್ಟರಮ್ಮ ಕೂತಿದ್ದುದು ಬರೀ ಮೇಜಿನಾಚೆಗೆ, ಕಿಟಕಿಯ ಬಿಸಿಲಲ್ಲಿ.

“ಇವತ್ತು ಯಾವ ಪಾತ್ರ?” ಎಂದರು ಅವರು, ನಗು ತಡೆದುಕೊಂಡು.

“ಬದುಕೋನ ಪಾತ್ರ, ಮೇಡಂ. ಒಬ್ರು ಬೇರೆ ಪಾತ್ರ ಕೊಟ್ಟಿದ್ರು, ನಾನು ಒಪ್ಲಿಲ್ಲ.”

“ಕೆನ್ನೆ ನೋಡಿ ನಾನು ಯಾರನ್ನೂ ಸೇರಿಸ್ಕೊಳ್ಳಲ್ಲ. ರಕ್ತ ನೋಡ್ತೀನಿ. ಹಗಲು ಎಷ್ಟು ಹೊತ್ತು ಮಲಗಿರ್ತೀರಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸಿಡಿದಳು. “ಮಲಗೋದಾ! ನಿನ್ನೆ ಇಡೀ ತಂಡಕ್ಕೆ ಬಣ್ಣ ಹಚ್ಚಿ ಬಂದ. ಮಧ್ಯೆ ವಾಂತಿ ಮಾಡ್ಕೊಂಡ, ಬಾಯಿ ಮುಕ್ಕಳಿಸಿ ಮತ್ತೆ ಕುಂಚ ಹಿಡ್ಕೊಂಡ. ಬೈದು ಬೈದು ನನ್ನ ಗಂಟ್ಲು ಹೋಯ್ತು.”

“ಅಕ್ಕಾ, ವಾಂತಿ ಪುರಾಣ ಈಗ್ಯಾಕೆ!”

“ಅದೂ ಬೇಕು ನನಗೆ,” ಎಂದರು ಡಾಕ್ಟರಮ್ಮ. ಈಗ ಅವರ ಮುಖದಲ್ಲಿ ನಗುವಿರಲಿಲ್ಲ. “ಓಡಾಡ್ಕೊಂಡಿದೀರಿ, ಅದು ಒಳ್ಳೇದು. ರಕ್ತ ಸರಿ ಬಂದ್ರೆ ಸೇರಿಸ್ಕೋತೀನಿ. ಆದ್ರೆ ಔಷಧಿ ಕೆಲಸ ಮಾಡುತ್ತೆ ಅಂತ ಮಾತು ಕೊಡೋಕಾಗಲ್ಲ.”

“ಎಲ್ಲಾ ನಾಟಕಾನೂ ಗೆಲ್ಲಲ್ಲ ಮೇಡಂ. ಹಾಗಂತ ತೆರೆ ಏಳಿಸ್ದೇ ಮನೇಲಿ ಆರಾಮಾಗಿರೋಕಾಗುತ್ತಾ?” ಕೊನೆಯ ಮಾತು ಮೂಗಿನಿಂದ ಬಂತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು; ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಪಕ್ಕದ ಕೋಣೆಯಲ್ಲಿ ರಕ್ತ ತೆಗೆಯಲು ನರ್ಸ್ ಅವನ ತೋಳಿನ ಮಡಿಕೆಯನ್ನು ಒರೆಸಿದಳು. ಹತ್ತಿ ಗೋಧಿಬಣ್ಣಕ್ಕೆ ತಿರುಗಿತು, ನರ ಮಾತ್ರ ಕಾಣಲಿಲ್ಲ. ಇನ್ನೊಂದು ಹತ್ತಿ ತೆಗೆದುಕೊಂಡಳು. ಮತ್ತೊಂದು.

“ಏನ್ ಸಾರ್, ಗೋಡೆಗೆ ಬಳಿದ ಹಾಗೆ ಬಳಿದಿದೀರಲ್ಲಾ!”

ಅವನು ಮುಷ್ಟಿ ಬಿಗಿದು ತೋಳನ್ನು ಇನ್ನೂ ಮುಂದಕ್ಕೆ ಚಾಚಿದ.

“ಒರೆಸಿ ಸಿಸ್ಟರ್, ಒರೆಸಿ. ನಾನು ಒಳಗೇ ಇದೀನಿ.”