ಶನಿವಾರದ ಸುದ್ದಿ

ಗೇರುಬೀಜದ ಕಾರ್ಖಾನೆಯ ಹೆಂಗಸರು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿರಲಿಲ್ಲ. ಮೊಣಕೈ ಮಡಚಿ, ಅದರ ಮರೆಯಲ್ಲಿ ಬಾಯಿ ಅಡಗಿಸಿಕೊಂಡು ನಗುತ್ತಿದ್ದರು. ಬೀಜ ಒಡೆದಾಗ ಸಿಪ್ಪೆಯಿಂದ ಒಸರುವ ಎಣ್ಣೆ ಇದೆಯಲ್ಲ, ಅದು ಬೆರಳು, ಅಂಗೈಗಳನ್ನೆಲ್ಲ ಕಪ್ಪು ಮಾಡಿ ಹಾಕುತ್ತದೆ. ತುಟಿಗೆ ತಾಗಿದರೆ ಬೊಕ್ಕೆ ಏಳುತ್ತದೆ. ಬೂದಿ ಹಾಕಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮುಖ ಮುಟ್ಟುವ ಕೆಲಸಕ್ಕೆಲ್ಲ ಅವರಿಗೆ ಮೊಣಕೈಯೇ. ಬೆವರು ಒರೆಸುವುದಕ್ಕೂ ಅದೇ, ಕಣ್ಣಿಗೆ ಬಿದ್ದ ಕೂದಲು ಸರಿಸುವುದಕ್ಕೂ ಅದೇ, ನಗುವುದಕ್ಕೂ ಅದೇ. ಅವರನ್ನು ಹಾಗೆ ನಗಿಸುತ್ತಿದ್ದವನು ನಾನು. ಅದರ ಬಗ್ಗೆ ನನಗೆ ಸಣ್ಣ ಜಂಬವಲ್ಲ ಇದ್ದದ್ದು.

ನಾನು ಆ ಊರಿನ ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಮಾಸ್ತರ. ನನ್ನ ಮಕ್ಕಳ ತಾಯಂದಿರೆಲ್ಲ ಹೆಚ್ಚುಕಡಿಮೆ ಆ ಒಂದೇ ಕಾರ್ಖಾನೆಯವರು. ಪಾಲಕರ ಸಭೆ ಕರೆದರೆ ಬೆಂಚುಗಳು ಖಾಲಿ. ಚೀಟಿ ಬರೆದು ಕಳಿಸಿದರೆ ಓದುವವರಿಲ್ಲ. ಆ ಚೀಟಿಯಲ್ಲಿ ಮಕ್ಕಳು ದೋಣಿ ಮಾಡಿ ಚರಂಡಿಯಲ್ಲಿ ಬಿಟ್ಟದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಅವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ತೀರ್ಮಾನಿಸಿದೆ. ಶನಿವಾರ ಶಾಲೆ ಬೇಗ ಬಿಡುತ್ತಿತ್ತು. ಬಿಟ್ಟ ಕೂಡಲೇ ಕೊಡೆ ಹಿಡಿದು ನೇರ ಕಾರ್ಖಾನೆಯ ಗೇಟಿಗೆ. ಅವರು ಚಹಾ ಕುಡಿಯಲು ಚಪ್ಪರದಡಿ ಬರುವ ಹೊತ್ತಿಗೆ ನಾನು ಹಾಜರು. ಸೆರಗಿನ ತುದಿಯಲ್ಲಿ ಲೋಟ ಹಿಡಿದುಕೊಂಡು ಅವರು ಸಾಲಾಗಿ ಕೂರುತ್ತಿದ್ದರು, ನಾನು ನಡುವೆ ನಿಂತು ಒಬ್ಬೊಬ್ಬರ ಮಕ್ಕಳ ಸುದ್ದಿ ಹೇಳುತ್ತಿದ್ದೆ.

ಮೊದಮೊದಲು ಒಣ ಸುದ್ದಿಯೇ. ನಿಮ್ಮವನಿಗೆ ಮಗ್ಗಿ ಬಂತು, ನಿಮ್ಮವಳ ತಲೆಯಲ್ಲಿ ಹೇನು ಇದೆ, ಇಂಥದ್ದು. ಒಂದು ದಿನ ಗುಲಾಬಿಯ ಮಗ ಸದಾನಂದ ಬಳಪ ತಿಂದದ್ದನ್ನು, ಕೇಳಿದ್ದಕ್ಕೆ ಬಿಳಿ ನಾಲಿಗೆ ಹೊರಗೆ ಹಾಕಿ 'ನಾನಲ್ಲ' ಎಂದದ್ದನ್ನು ಅಭಿನಯಿಸಿ ತೋರಿಸಿದೆ. ಚಪ್ಪರದಡಿ ಮೊಣಕೈಗಳೆಲ್ಲ ಒಮ್ಮೆಲೇ ಮೇಲೆದ್ದವು. ಸುಳ್ಳೇಕೆ ಹೇಳಲಿ, ನನಗೆ ಅದರ ರುಚಿ ಹತ್ತಿತು. ಮುಂದಿನ ವಾರದಿಂದ ನಾನು ಪಾಠ ಮಾಡುವಾಗಲೂ ಒಂದು ಕಿವಿಯನ್ನು ಶನಿವಾರಕ್ಕೆಂದು ಮೀಸಲಿಟ್ಟೆ. ಯಾವ ಮಗು ಏನು ಎಡವಟ್ಟು ಮಾತಾಡುತ್ತದೆ, ಯಾವುದಕ್ಕೆ ಎಷ್ಟು ಒಗ್ಗರಣೆ ಕೊಡಬಹುದು, ಇದೇ ಯೋಚನೆ.

"ಬಂತು ಬಂತು, ನಮ್ಮ ರೇಡಿಯೋ ಬಂತು!" ಗುಲಾಬಿ ದೂರದಿಂದಲೇ ಕೂಗುತ್ತಿದ್ದಳು. "ಮಾಷ್ಟ್ರೇ, ಇವತ್ತು ಯಾರ ಮರ್ಯಾದೆ ತೆಗೀಲಿಕ್ಕುಂಟು?"

"ನಿಂದು ಉಳಿದಿದ್ರೆ ಅಲ್ವಾ ತೆಗೀಲಿಕ್ಕೆ," ಎಂದು ನಾನು. ಮತ್ತೆ ನಗು.

ಆ ಸಾಲಿನ ಕೊನೆಯಲ್ಲಿ ಕೂರುತ್ತಿದ್ದವಳು ವಾರಿಜಕ್ಕ. ಮಾತು ಕಡಿಮೆ. ಗಂಡ ಇರಲಿಲ್ಲ, ಇದ್ದದ್ದು ಒಬ್ಬಳೇ ಮಗಳು. ಆ ಮಗಳನ್ನು ನಾನಿಲ್ಲಿ ಚಂಚಲಾಕ್ಷಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳನ್ನು ಕೇಳದೆ ಇದನ್ನು ಹೇಳುತ್ತಿರುವುದರಿಂದ ಅಷ್ಟಾದರೂ ಮಾಡಬೇಕಲ್ಲ. ಹುಡುಗಿ ಮಾತಿನ ಮಲ್ಲಿ. ನಾನು ಪ್ರಶ್ನೆ ಮುಗಿಸುವ ಮೊದಲೇ ಎದ್ದು ನಿಲ್ಲುವವಳು. ತರಗತಿಯಲ್ಲಿ ನನ್ನ ಮಾತಿಗೆ ಸರಿಜೋಡಿ ಎಂದರೆ ಅವಳೊಬ್ಬಳೇ.

ಒಂದು ದಿನ 'ನಮ್ಮ ಮನೆ' ಎಂಬ ಪಾಠ ನಡೆದಿತ್ತು. ಮನೆಯಲ್ಲಿ ನಿಮಗೆ ಬಹಳ ಇಷ್ಟವಾದ ಹೊತ್ತು ಯಾವುದು ಎಂದು ಕೇಳಿದೆ. ಊಟದ ಹೊತ್ತು ಎಂದ ಒಬ್ಬ. ಅಪ್ಪ ಮನೆಯಲ್ಲಿ ಇಲ್ಲದ ಹೊತ್ತು ಎಂದ ಸದಾನಂದ. ಚಂಚಲಾಕ್ಷಿ ಎದ್ದು ನಿಂತು, "ನಿದ್ದೆ ಬಂದ ಹಾಗೆ ಮಾಡುವ ಹೊತ್ತು," ಎಂದಳು.

"ಅದೆಂಥ ಹೊತ್ತು ಮಾರಾಯ್ತಿ?"

"ಅಮ್ಮನ ಕೈ ಸುಡ್ತದೆ ಅಲ್ವಾ ಮಾಷ್ಟ್ರೇ, ಅದಕ್ಕೆ ನನ್ನನ್ನು ಮುಟ್ಟೂದಿಲ್ಲ. ನನಗೆ ನಿದ್ದೆ ಬಂದ ಮೇಲೆ ಮೊಣಕೈಯಲ್ಲಿ ಕೆನ್ನೆ ಸವರ್ತಾರೆ. ಎಚ್ಚರ ಇದ್ರೆ ಸವರೂದಿಲ್ಲ. ಅವರಿಗೆ ನಾಚಿಕೆ. ಅದಕ್ಕೆ ನಾನು ಕಣ್ಣು ಮುಚ್ಚಿ ಸುಮ್ಮನೆ ಇರ್ತೇನೆ. ಅಮ್ಮನಿಗೆ ಗೊತ್ತೇ ಇಲ್ಲ."

ಇಷ್ಟು ಹೇಳಿ ಅವಳು ಕೂತಳು. ತಲೆಯಲ್ಲಿ ಸ್ವಲ್ಪ ಬುದ್ಧಿ ಇರುವ ಮನುಷ್ಯನಾಗಿದ್ದರೆ ಅದನ್ನು ಕೇಳಿ ಅಲ್ಲಿಯೇ ನುಂಗಿಕೊಳ್ಳುತ್ತಿದ್ದ. ನನಗೆ ಬಂದ ಯೋಚನೆ ಒಂದೇ: ಈ ಶನಿವಾರಕ್ಕೆ ಸಿಕ್ಕಿತು.

ಆ ಶನಿವಾರ ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ವಾರಿಜಕ್ಕನ ಮಗಳು ಹೇಳಿದ್ದನ್ನೆಲ್ಲ ಹೇಳಿ, ಚಪ್ಪರದ ಕಂಬಕ್ಕೆ ಒರಗಿ ಮಲಗಿದಂತೆ ಮಾಡಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಕಳ್ಳನೋಟ. ಆ ಮಗು ಗೊರಕೆಯ ಮಾತೇ ಆಡಿರಲಿಲ್ಲ, ಆದರೆ ಗೊರಕೆ ಇಲ್ಲದಿದ್ದರೆ ನಾಟಕಕ್ಕೆ ಕಳೆ ಏರುವುದಿಲ್ಲ ಎಂದು ದೊಡ್ಡದಾಗಿ ಗೊರಕೆ ಹೊಡೆದೆ. ಸಿಳ್ಳೆಯಂಥ ಒಂದು ಬಾಲವನ್ನೂ ಅದಕ್ಕೆ ಸೇರಿಸಿದೆ. ನನ್ನದೇ ಮೊಣಕೈಯಿಂದ ನನ್ನ ಕೆನ್ನೆ ಸವರಿಕೊಂಡು, "ಪಾಪ, ಅಮ್ಮನಿಗೆ ಗೊತ್ತೇ ಇಲ್ಲವಂತೆ!" ಎಂದೆ.

ಎಲ್ಲರೂ ಬಿದ್ದುಬಿದ್ದು ನಕ್ಕರು. ಗುಲಾಬಿಯ ಲೋಟದಿಂದ ಚಹಾ ಚೆಲ್ಲಿತು. "ವಾರಿಜಕ್ಕ, ಇವತ್ತು ಮೊಣಕೈಗೆ ಪೌಡರ್ ಹಾಕ್ಕೊಂಡು ಹೋಗು!" ಎಂದಳು. ಸಾಲಿನ ಕೊನೆಗೆ ನೋಡಿದೆ. ವಾರಿಜಕ್ಕನ ಮೊಣಕೈಯೂ ಬಾಯಿಯ ಮೇಲಿತ್ತು, ಭುಜ ಅಲುಗುತ್ತಿತ್ತು. ಅವಳನ್ನೂ ನಗಿಸಿದೆ ಎಂದು ನಾನು ಹಿಗ್ಗಿ ಮನೆಗೆ ಹೋದೆ.

ಮುಂದಿನ ವಾರದಿಂದ ಚಂಚಲಾಕ್ಷಿ ಏಳಲಿಲ್ಲ. ಪ್ರಶ್ನೆ ಕೇಳಿದರೆ ಬೆಂಚಿನ ಮೇಲೆ ಬೆರಳಲ್ಲಿ ಗೀಚುತ್ತ ಕೂತಳು. ಹೆಸರು ಹಿಡಿದು ಕರೆದರೆ ಎದ್ದು ನಿಲ್ಲುವಳು, ಬಾಯಿ ತೆರೆಯಳು. ಹಾಜರಿಗೂ ಕೈ ಎತ್ತಿ ಸುಮ್ಮನಾಗುವಳು. ಗಂಟಲು ನೋವಿರಬೇಕು ಎಂದುಕೊಂಡೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು ಎಂದು ಉಪದೇಶವನ್ನೂ ಮಾಡಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಅದೇ ದಿನಗಳಲ್ಲಿ ಶಾಲೆಯ ಅಂಗಳದಲ್ಲಿ ಒಂದು ಹೊಸ ಆಟ ಶುರುವಾಗಿತ್ತು. ಒಬ್ಬ ಕಣ್ಣು ಮುಚ್ಚಿ ನಿಲ್ಲುವುದು, ಇನ್ನೊಬ್ಬ ಅವನ ಕೆನ್ನೆಗೆ ಮೊಣಕೈ ತಿಕ್ಕುವುದು, ಆಮೇಲೆ ಇಬ್ಬರೂ ಓಡುವುದು. ಕಿಟಕಿಯಿಂದ ನೋಡುತ್ತ ನಾನು ಇದನ್ನೂ ಶನಿವಾರ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಆಗ ಚಂಚಲಾಕ್ಷಿ ನೀರು ಕುಡಿಯಲು ಅಂಗಳಕ್ಕೆ ಇಳಿದಳು. ಸದಾನಂದ ಅವಳ ದಾರಿಗೆ ಅಡ್ಡ ನಿಂತು, ಕಣ್ಣು ಮುಚ್ಚಿ, ದೊಡ್ಡದಾಗಿ ಗೊರಕೆ ಹೊಡೆದ. ಗೊರಕೆಯ ಕೊನೆಗೆ ಒಂದು ಸಿಳ್ಳೆ.

ಆ ಸಿಳ್ಳೆ ನನ್ನದು. ಅದು ಕಾರ್ಖಾನೆಯ ಚಪ್ಪರದಿಂದ ಗುಲಾಬಿಯ ಮನೆಗೆ ಹೋಗಿ, ಅಲ್ಲಿಂದ ಶಾಲೆಗೆ ಮರಳಿ ಬಂದಿತ್ತು. ಹುಡುಗಿ ನೀರು ಕುಡಿಯದೆ ಹಿಂದಕ್ಕೆ ಬಂದಳು. ನಾನು ಕಿಟಕಿಯಿಂದ ಸರಿದು ನಿಂತೆ. ಮಗುವಿನ ಕಣ್ಣಿಗೆ ಬೀಳಬಾರದೆಂದು ಅಡಗಿದ ಮಾಸ್ತರನನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ಆ ಶನಿವಾರ ಚಪ್ಪರದಡಿ ಕತೆ ಹೇಳಲಿಲ್ಲ. ವಾರಿಜಕ್ಕನನ್ನು ಗೇಟಿನ ಆಚೆ ಕರೆದೆ. "ಮಗಳು ಶಾಲೆಯಲ್ಲಿ ಮಾತಾಡ್ತಿಲ್ಲ ವಾರಿಜಕ್ಕ," ಎಂದೆ.

"ಮನೆಯಲ್ಲಿಯೂ ಅಷ್ಟೆ," ಎಂದಳು. "ಮೊದಲೆಲ್ಲ ಬಂದ ಕೂಡ್ಲೆ ನಿಮ್ಮದೇ ಪುರಾಣ. ಮಾಷ್ಟ್ರು ಹಾಗಂದ್ರು, ಮಾಷ್ಟ್ರು ಹೀಗಂದ್ರು. ಈಗ ಎಂಥದೂ ಇಲ್ಲ."

"ನನ್ನಿಂದಲೇ ಆದದ್ದು."

ಅವಳು ಇಲ್ಲ ಎನ್ನಲಿಲ್ಲ. ಕಪ್ಪಾದ ಅಂಗೈಗಳನ್ನು ಮೇಲೆ ಮಾಡಿ ಹಿಡಿದುಕೊಂಡು ಅವನ್ನೇ ನೋಡುತ್ತಿದ್ದಳು. "ನೀವು ಹೇಳಿದ್ದು ಹೇಳಿದ್ರಿ. ಅದಲ್ಲ ಮಾಷ್ಟ್ರೇ. ಒಂದು ದಿನ ಅವಳು ಕೇಳಿದಳು, 'ಅಮ್ಮ, ನೀನು ಸಹ ನಗಾಡಿದ್ಯಾ' ಅಂತ. ಎಂಥ ಹೇಳೂದು? ಎಲ್ಲರೂ ನಗಾಡ್ತಾ ಇದ್ರು, ನಾನೊಬ್ಬಳು ಮುಖ ಗಂಟು ಹಾಕಿ ಕೂರೂದಾ? ನಗಾಡಿದೆ. ಹೌದು ಅಂದೆ."

"ಆಮೇಲೆ?"

"ಆಮೇಲೆ ಎಂಥ? ಅವಳು ಮಲಗ್ತಾಳೆ. ಕಣ್ಣು ಮುಚ್ಚಿ ಇರ್ತದೆ. ಎಚ್ಚರ ಉಂಟು ಅಂತ ನನಗೀಗ ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ನನ್ನ ಕೈ ಏಳೂದಿಲ್ಲ ಮಾಷ್ಟ್ರೇ."

ಕ್ಷಮಿಸಿ ಎಂದೆ. "ಅವಳ ಹತ್ರ ಹೇಳಿ," ಎಂದು ಅವಳು ಒಳಗೆ ಹೋದಳು.

ಸೋಮವಾರ ಹೇಳಿದೆ. ಮಗುವಿನ ಬೆಂಚಿನ ಬಳಿ ನೆಲಕ್ಕೆ ಕೂತು, "ನೀನು ಹೇಳಿದ್ದನ್ನು ನಾನು ಹೊರಗೆ ಹೇಳಬಾರದಿತ್ತು, ತಪ್ಪಾಯಿತು," ಎಂದೆ. ಗೊರಕೆ ನೀನು ಹೊಡೆದದ್ದಲ್ಲ, ನಾನು ಸೇರಿಸಿದ್ದು ಎಂದು ಇಡೀ ತರಗತಿಗೆ ಕೇಳುವ ಹಾಗೆ ಹೇಳಿದೆ. ಅವಳು ಬೆಂಚಿನ ಮೇಲೆ ಗೀಚುತ್ತಲೇ ಇದ್ದಳು. ದೊಡ್ಡವನೊಬ್ಬ ನೆಲಕ್ಕೆ ಕೂತ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಯೇ?

ಆ ಮೇಲೆ ನಾನೊಂದು ಪದ್ಧತಿ ಮಾಡಿದೆ. ಶುಕ್ರವಾರ ಕೊನೆಯ ಗಂಟೆಯಲ್ಲಿ ಒಂದೊಂದು ಮಗುವನ್ನೂ ಬಳಿಗೆ ಕರೆದು, "ನಾಳೆ ನಿನ್ನ ಅಮ್ಮನಿಗೆ ಏನು ಹೇಳಲಿ?" ಎಂದು ಕೇಳುವುದು. ಮಗು ಹೇಳಿದ್ದಷ್ಟೇ ನನ್ನ ಸುದ್ದಿ. ಅದನ್ನೂ ಆ ತಾಯಿಯ ಪಕ್ಕ ಕೂತು ಅವಳಿಗಷ್ಟೇ ಕೇಳುವಂತೆ ಹೇಳುವುದು. ಒಬ್ಬ ಮಗ್ಗಿ ಬಂತು ಎನ್ನಲು ಹೇಳಿದ, ಒಬ್ಬಳು ಬೆಲ್ಲ ತರಬೇಕಂತೆ ಎನ್ನಲು ಹೇಳಿದಳು. ಸದಾನಂದ, "ಬಳಪ ತಿನ್ನೂದು ಬಿಟ್ಟಿದ್ದೇನೆ ಹೇಳಿ," ಎಂದ. ಅವನ ತುಟಿ ಆಗಲೂ ಬೆಳ್ಳಗಿತ್ತು. ಅವನು ಹೇಳಿದಂತೆಯೇ ಹೇಳಿದೆ.

"ಎಂಥ ಮಾಷ್ಟ್ರೇ ಇದು, ಕಿವಿಯಲ್ಲಿ ಪಿಸಿಪಿಸಿ?" ಗುಲಾಬಿ ಗೊಣಗಿದಳು. "ರೇಡಿಯೋ ಹಾಳಾಯಿತಾ?"

"ಹಾಳಾಯಿತು," ಎಂದೆ.

ಚಂಚಲಾಕ್ಷಿ ಮಾತ್ರ ಬಳಿಗೆ ಬಂದು ನಿಂತು, ತಲೆ ಅಲ್ಲಾಡಿಸಿ ಹೋಗುತ್ತಿದ್ದಳು. ವಾರಿಜಕ್ಕನ ಪಕ್ಕ ಕೂತು ನಾನು, "ಇವತ್ತೂ ಏನೂ ಹೇಳಲು ಹೇಳಿಲ್ಲ," ಎನ್ನುತ್ತಿದ್ದೆ. ಅವಳು ಸರಿ ಎಂದು ಚಹಾ ಕುಡಿಯುತ್ತಿದ್ದಳು. ಇಬ್ಬರೂ ತಪ್ಪಿತಸ್ಥರಂತೆ ಕೂತಿರುತ್ತಿದ್ದೆವು. ಹೀಗೇ ಮಳೆಗಾಲ ಹೋಯಿತು, ಚಳಿಯೂ ಹೋಯಿತು. ಗೇರುಮರ ಹೂ ಬಿಟ್ಟಿತು.

ವರ್ಷ ಮುಗಿಯುತ್ತ ಬಂದಾಗ ಒಂದು ಶುಕ್ರವಾರ ಅವಳು ಬಂದು ನಿಂತವಳು ತಲೆ ಅಲ್ಲಾಡಿಸಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, "ಅಮ್ಮನಿಗೆ ಹೇಳಿ," ಎಂದಳು. ಆ ಧ್ವನಿಯನ್ನು ಕೇಳಿ ಎಷ್ಟು ಕಾಲವಾಗಿತ್ತು!

"ಏನು ಹೇಳಲಿ ಮಗೂ?"

"ಈಗ ನನಗೆ ಮಲಗಿದ ಕೂಡ್ಲೆ ನಿದ್ದೆ ಬರ್ತದೆ ಅಂತ ಹೇಳಿ."

"ಹೌದಾ? ನಿಜವಾಗಿಯೂ ಬರ್ತದಾ?"

ಅವಳು ನೆಲ ನೋಡಿದಳು. "ನೀವು ಹಾಗೇ ಹೇಳಿ. ಬೇರೆ ಎಂಥದೂ ಸೇರಿಸಬೇಡಿ."

ಮರುದಿನ ವಾರಿಜಕ್ಕನ ಪಕ್ಕ ಕೂತು ಆ ಮಾತನ್ನು ಇದ್ದ ಹಾಗೆಯೇ ಒಪ್ಪಿಸಿದೆ. ಅವಳು ಲೋಟ ಕೆಳಗಿಟ್ಟಳು. "ನಿಜವಾ ಮಾಷ್ಟ್ರೇ?"

ಹೇಳಬೇಕಾದ ಮಾತುಗಳು ನನ್ನ ಬಾಯಿ ತುಂಬ ಇದ್ದವು. ಮೇಜಿನ ಅಂಚು, ಆ ಪುಟ್ಟ ಬೆರಳುಗಳು, ನೆಲ ನೋಡಿದ ಆ ಕಣ್ಣು. ಎಲ್ಲವನ್ನೂ ನುಂಗಿದೆ.

"ಹಾಗೆ ಹೇಳಲು ಹೇಳಿದ್ದಾಳೆ," ಎಂದೆ.

ಚಪ್ಪರದ ಆ ತುದಿಯಲ್ಲಿ ಗುಲಾಬಿ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ವಾರಿಜಕ್ಕ ಎದ್ದು ನಲ್ಲಿಯ ಬಳಿ ಹೋದಳು. ಎಲ್ಲರೂ ಬೂದಿ ಹಾಕಿ ಅಂಗೈ ತಿಕ್ಕುವ ಜಾಗ ಅದು. ಅವಳು ಅಂಗೈಗಳನ್ನು ದೂರ ಚಾಚಿ ಹಿಡಿದು, ರವಿಕೆಯ ತೋಳನ್ನು ಹಲ್ಲಿನಿಂದ ಮೇಲಕ್ಕೆಳೆದು, ಮೊಣಕೈಯನ್ನು ನೀರಿನ ಧಾರೆಗೆ ಒಡ್ಡಿ ನಿಂತಳು. ಚಹಾದ ಹೊತ್ತು ಮುಗಿದು ಎಲ್ಲರೂ ಒಳಗೆ ಹೋದರು. ನಾನು ಕೊಡೆ ಬಿಡಿಸಿಕೊಂಡು ಹೊರಟೆ. ಗೇಟಿನಿಂದ ತಿರುಗಿ ನೋಡಿದಾಗಲೂ ಅವಳು ಅಲ್ಲಿಯೇ ಇದ್ದಳು. ಮೊಣಕೈಯ ಮೇಲೆ ನೀರು ಬೀಳುತ್ತಲೇ ಇತ್ತು.