ಮೊಣಕಾಲಿನೊಳಗೆ ಜಗಳ ಬಿಡಿಸುವವರು

ದರ್ಜಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಕೋಟುಗಳಿಗೆ ಗುಂಡಿ ತೂರಿಸುವ ಕಾಜಾಗಳನ್ನು ಕೈಯಿಂದಲೇ ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಕಾಜಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ಬೆರಳ ಗೆಣ್ಣುಗಳೂ ಮೊಣಕಾಲೂ ಬಾತುಕೊಂಡು, ಬೆಳಗಿನ ಹೊತ್ತು ಸೂಜಿ ಹಿಡಿಯುವುದೇ ಆಗದಂತಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅದು ದೇಹದ ಕಾವಲು ಶಕ್ತಿಯನ್ನು ಕುಗ್ಗಿಸುತ್ತದೆಂದು ಯಾರೋ ಅಂದದ್ದೇ ತಡ, ಕಾಜಮ್ಮ ಮಾತ್ರೆ ಬಿಟ್ಟು ಟಾನಿಕ್ ಹಿಡಿದಳು. ಅಂಚು ಬಿಟ್ಟುಕೊಂಡ ಕಾಜಾಕ್ಕೆ ಇನ್ನೊಂದು ಸುತ್ತು ದಾರ ಹಾಕುವುದು ಆಕೆಯ ಕಸುಬು. ದೇಹವೂ ಹಾಗೇ, ಬಲ ತುಂಬಿದರೆ ಸರಿಹೋಗುತ್ತದೆ ಎಂದುಕೊಂಡಳು. ಊತ ಏರಿತು. ಹೀಗೇ ಬಿಟ್ಟರೆ ಬೆರಳು ಸೊಟ್ಟಗಾಗಿ ಹೊಲಿಗೆಯೇ ಕೈತಪ್ಪುತ್ತದೆ ಎಂದು ಡಾಕ್ಟರು ಹೇಳಿದರೂ, ಜಪ್ಪಯ್ಯ ಅಂದರೂ ಆಕೆ ಒಪ್ಪಲಿಲ್ಲ.

ಆಕೆಯ ತಂಗಿಯ ಮಗಳು ಆ ಡಾಕ್ಟರಿದ್ದ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸಕ್ಕಿದ್ದಳು. ಡಾಕ್ಟರು ಪರೀಕ್ಷೆಗೆಂದು ದೊಡ್ಡಮ್ಮನ ಊದಿದ ಮೊಣಕಾಲಿನಿಂದ ತೆಗೆದಿದ್ದ ನೀರಿಗೆ ಬಣ್ಣ ಹಚ್ಚಿ, ದೀಪ ಆರಿಸಿ, ಆಕೆಯನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

"ನೋಡು ದೊಡ್ಡಮ್ಮ, ನಿನ್ನ ಸಂಸಾರ."

ಕತ್ತಲಲ್ಲಿ ಕೆಂಪು ಚುಕ್ಕಿಗಳು ಕಿಕ್ಕಿರಿದಿದ್ದವು.

"ಇವರೆಲ್ಲ ಯಾರೇ?"

"ಕಾವಲಿನವರು. ರೋಗ ಬಂದ್ರೆ ಹೊಡೆಯೋಕೆ ಇರೋರು. ಈಗ ತಲೆಕೆಟ್ಟು ನಿನ್ನ ಕೀಲನ್ನೇ ಹೊಡೀತಿದ್ದಾರೆ. ನೀನೋ, ಇವರಿಗೆ ಇನ್ನೂ ಬಲ ಬರ್ಲಿ ಅಂತ ಟಾನಿಕ್ ಕುಡೀತಿದ್ದೀಯ!"

"ಬಾಯಿ ಮುಚ್ಚೇ. ನಡುನಡುವೆ ಹಸಿರಾಗಿ ಹೊಳೀತಿರೋದು?"

"ಅವು ತಡೆಯೋ ಜೀವಕೋಶಗಳು. 'ಸಾಕು ಬಿಡ್ರೋ' ಅಂತ ಜಗಳ ಬಿಡಿಸೋರು."

ಕಾಜಮ್ಮ ಹಸಿರು ಚುಕ್ಕಿಗಳನ್ನು ಎಣಿಸತೊಡಗಿದಳು. ಒಂದಲ್ಲ, ಎರಡಲ್ಲ. ಜಗಳ ಎಲ್ಲಿ ದಟ್ಟವೋ ಅಲ್ಲೇ ಹೋಗಿ ನಿಂತಿದ್ದವು. ಆಕೆ ಕರೆದದ್ದಲ್ಲ, ಕೇಳಿದ್ದಲ್ಲ.

"ಇಷ್ಟು ಜನ ಬಂದಿದ್ದಾರಲ್ಲೇ! ಮತ್ಯಾಕೆ ಜಗಳ ನಿಂತಿಲ್ಲ?"

"ಗದ್ದಲ ಜಾಸ್ತಿ. ಇವರ ಮಾತು ಅವರ ಕಿವಿಗೇ ಬೀಳ್ತಿಲ್ಲ. ಮಾತ್ರೆ ಆ ಗದ್ದಲ ತಗ್ಗಿಸುತ್ತೆ ದೊಡ್ಡಮ್ಮ, ಅಷ್ಟೇ."

ಆಕೆ ಕಣ್ಣು ಕೀಳಲಿಲ್ಲ. ಹುಟ್ಟಿದಾಗಿನಿಂದ ತನ್ನದೆಂದು ಹೊತ್ತು ತಿರುಗಿದ ಮೊಣಕಾಲಿನಲ್ಲಿ ತಾನು ಕಾಣದ ಒಂದು ಊರೇ ಇತ್ತು. ತಾನು ನೋವೆಂದು ಶಪಿಸುತ್ತ ಮಲಗಿದ್ದಾಗಲೂ ಅಲ್ಲಿ ಯಾರೋ ತನ್ನ ಪರವಾಗಿ ಬೇಡಿಕೊಳ್ಳುತ್ತಲೇ ಇದ್ದರು.

"ನಡಿ, ಡಾಕ್ಟರ ಹತ್ರ ಹೋಗೋಣ. ಮಾತ್ರೆ ಮತ್ತೆ ಶುರು ಮಾಡ್ತೀನಿ," ಎಂದು ಎದ್ದಳು.

ಮೆಟ್ಟಿಲಲ್ಲಿ ಆಕೆ ಹೂವಿನ ಮೇಲೆ ಕಾಲಿಟ್ಟಂತೆ ಇಳಿಯುವುದನ್ನು ಕಂಡು ಹುಡುಗಿ ಕೇಳಿದಳು:

"ಯಾಕೆ, ನೋವು ಜಾಸ್ತಿಯಾಯ್ತಾ?"

"ನೋವು ಇದ್ದದ್ದೇ ಕಣೇ. ಒಳಗೆ ಅವರು ಅಷ್ಟು ಪಾಡು ಪಡ್ತಿರುವಾಗ ನಾನು ದಡಬಡ ಅಂದ್ರೆ ಹೇಗೆ?"